ಕಳೆದ ಚೆಂಡಿನ ಹೊಣೆ ಯಾರದು?

ಬಿಳಿಜೋಳದ ರಾಶಿ ಮುಗಿದು, ತೊಗರಿಯ ಕಟ್ಟಿಗೆ ಹಿತ್ತಲು ಸೇರಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಎರೆಹೊಲಗಳು ದೃಷ್ಟಿ ಹರಿಯುವಷ್ಟು ದೂರವೂ ಬಯಲಾಗುವ ಫಾಲ್ಗುಣ ಚೈತ್ರಗಳಲ್ಲಿ ಆ ನಾಡಿನ ಬಾಲಕರ ಕ್ರೀಡಾಋತು ಆರಂಭವಾಗುತ್ತದೆ. ಮೂರು ಕಟ್ಟಿಗೆ ನೆಟ್ಟಲ್ಲಿ ಕ್ರಿಕೆಟ್ಟಿನ ಅಂಗಣ, ಎರಡು ಗಳ ನಿಲ್ಲಿಸಿ ಜಾಳಿಗೆ ಬಿಗಿದಲ್ಲಿ ವಾಲಿಬಾಲಿನ ಅಂಗಣ. ಎಲ್ಲಕ್ಕೂ ಆಧಾರವಾಗಿ ಒಂದು ಚೆಂಡು, ಬಹುಮಟ್ಟಿಗೆ ಒಂದೇ ಒಂದು ಚೆಂಡು. ಅದು ಬೇಲಿಯಾಚೆ ಹಾರಿ ಕಣ್ಮರೆಯಾದೊಡನೆ ಆಟ ನಿಂತು ವಾದ ತೊಡಗುತ್ತದೆ. “ಹೊಡದಾಂವನ ತರಬೇಕು” ಎಂದು ಒಬ್ಬ; “ಅಂಥಾ ಚೆಂಡ ಯಾಕ ಒಗದಿ” ಎಂದು ಮತ್ತೊಬ್ಬ; “ಎಲ್ಲಾರೂ ಪಟ್ಟಿ ಹಾಕೂಣು” ಎಂದು ಕಡೆಗೆ ಯಾವನೋ ಒಬ್ಬ ಸಮಾಧಾನಿ. ಲಾರ್ಡ್ಸ್ ಅಂಗಣದ ನಿಯಮಕರ್ತರೂ, ಫುಟ್ಬಾಲ್, ಟೆನ್ನಿಸ್, ಗಾಲ್ಫ್ ಸಂಸ್ಥೆಗಳ ಧುರೀಣರೂ ಶತಮಾನಗಳಿಂದ ಚರ್ಚಿಸುತ್ತ ಬಂದಿರುವ ಪ್ರಶ್ನೆಯ ಬೀಜವೆಲ್ಲ ಈ ಮೂರು ಮಾತುಗಳಲ್ಲಿದೆ.

ಬಿಡಿಸಿ ನೋಡಿದರೆ ಪ್ರಶ್ನೆಗೆ ಮೂರು ಎಳೆಗಳುಂಟು: ಚೆಂಡು ಕಳೆಯಿತೆಂದೋ ಕೆಟ್ಟಿತೆಂದೋ ಯಾವಾಗ ನಿರ್ಣಯಿಸತಕ್ಕದ್ದು, ಅದರ ಸ್ಥಾನಕ್ಕೆ ಎಂಥ ಚೆಂಡು ಬರತಕ್ಕದ್ದು, ಆ ನಷ್ಟವನ್ನು ಯಾರು ಹೊರತಕ್ಕದ್ದು. ವಿದ್ವಾಂಸರ ಗಮನವೆಲ್ಲ ಮೊದಲಿನ ಎರಡರ ಮೇಲೆ ನೆಟ್ಟಿದೆ. ಮೂರನೆಯದೇ ಮುಖ್ಯವೆಂಬುದು ಈ ಲೇಖಕನ ಅಭಿಪ್ರಾಯ. ಏಕೆಂದರೆ ಯಾರು ಆಡಬಲ್ಲರು, ಎಷ್ಟು ಧೈರ್ಯದಿಂದ ಆಡಬಲ್ಲರು ಎಂಬುದನ್ನು ನಿಶ್ಚಯಿಸುವುದು ಅದೇ.

ಹುಡುಕುವ ಕಾಲದಿಂದ ಬದಲಿಸುವ ಕಾಲಕ್ಕೆ

ನಮ್ಮ ಪರಂಪರೆ ಬಲ್ಲ ಅತ್ಯಂತ ಪ್ರಸಿದ್ಧವಾದ ಕಳೆದ ಚೆಂಡು ಕುರುಕುಮಾರರದು. ಆಡುತ್ತಿದ್ದಾಗ ಚೆಂಡು ಬಾವಿಗೆ ಬಿದ್ದು, ರಾಜಕುಮಾರರೆಲ್ಲ ದಡದಲ್ಲಿ ನಿಂತು ಕೈಚೆಲ್ಲಿದಾಗ, ದಾರಿಹೋಕನಾಗಿ ಬಂದ ದ್ರೋಣನು ಹುಲ್ಲಿನ ಕಡ್ಡಿಗಳನ್ನು ಅಭಿಮಂತ್ರಿಸಿ, ಒಂದರ ತುದಿಗೆ ಒಂದನ್ನು ನಾಟಿಸಿ ಅದನ್ನು ಮೇಲೆತ್ತಿ ಕೊಟ್ಟನೆಂದೂ, ಆ ಕೌಶಲ್ಯದಿಂದಲೇ ಭೀಷ್ಮನ ಗಮನಕ್ಕೆ ಬಂದು ಆಚಾರ್ಯಪದವಿಯನ್ನು ಪಡೆದನೆಂದೂ ಆದಿಪರ್ವದ ಕಥೆ. ಯಮುನೆಗೆ ಬಿದ್ದ ಚೆಂಡಿಗಾಗಿ ಬಾಲಕೃಷ್ಣನು ಕಾಳಿಂಗನ ಮಡುವಿಗೆ ಧುಮುಕಿದನೆಂಬುದು ಜನಪದರು ಬೆಳೆಸಿಕೊಂಡ ಮತ್ತೊಂದು ಕಥೆ. ಇವೆರಡರಲ್ಲಿಯೂ ಬದಲಿ ಚೆಂಡಿನ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಬೇಕು. ಅರಮನೆಯ ಮಕ್ಕಳಿಗೆ ಇನ್ನೊಂದು ಚೆಂಡು ದುರ್ಲಭವಾಗಿರಲಾರದು. ಆದರೂ ಬಿದ್ದುದನ್ನೇ ಎತ್ತಬೇಕು, ಕಳೆದುದನ್ನೇ ತರಬೇಕು. ಕೈಯಿಂದ ಮಾಡಿದ ಚೆಂಡು ಪ್ರತಿಯೊಂದೂ ಬೇರೆ ಬೇರೆ ತೂಕದ್ದು, ಬೇರೆ ಬೇರೆ ಪುಟಿತದ್ದು; ಒಂದರ ಬದಲಿಗೆ ಇನ್ನೊಂದು ಎಂಬ ಕಲ್ಪನೆಗೆ ಅಲ್ಲಿ ಆಸ್ಪದ ಸಾಲದು.

ಬದಲಿ ಚೆಂಡೆಂಬುದು ಯಂತ್ರಯುಗದ ಕಲ್ಪನೆ. 1844ರಲ್ಲಿ ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಗೊಳಿಸುವ ವಿಧಾನಕ್ಕೆ ಏಕಸ್ವಾಮ್ಯ ಪಡೆದ ತರುವಾಯ ಒಂದೇ ಅಳತೆಯ, ಒಂದೇ ಪುಟಿತದ ಚೆಂಡುಗಳನ್ನು ಸಾವಿರಗಟ್ಟಲೆ ತಯಾರಿಸುವುದು ಸಾಧ್ಯವಾಯಿತು; ಅಳತೆ ಒಂದಾದ ಮೇಲೆ ನಿಯಮಗ್ರಂಥಗಳು ಅಳತೆಯನ್ನು ವಿಧಿಸತೊಡಗಿದವು. ಪುರುಷರ ಕ್ರಿಕೆಟ್ ಚೆಂಡು ಇಂದು 155.9ರಿಂದ 163 ಗ್ರಾಂ ತೂಗಬೇಕು. ಫುಟ್ಬಾಲು 410ರಿಂದ 450 ಗ್ರಾಂ. ವಾಲಿಬಾಲು 260ರಿಂದ 280 ಗ್ರಾಂ. ಆದರೆ ಏಕರೂಪತೆ ಒಮ್ಮೆಗೇ ಬಂದುದಲ್ಲ. 1930ರ ಜುಲೈ 30ರಂದು ಮಾಂಟೆವಿಡಿಯೊದಲ್ಲಿ ನಡೆದ ಮೊದಲ ವಿಶ್ವಕಪ್ ಫುಟ್ಬಾಲಿನ ಅಂತಿಮ ಪಂದ್ಯದಲ್ಲಿ ಯಾರ ಚೆಂಡಿನಿಂದ ಆಡತಕ್ಕದ್ದೆಂಬ ಕಲಹ ಬಗೆಹರಿಯದೆ, ಪೂರ್ವಾರ್ಧವನ್ನು ಅರ್ಜೆಂಟೀನಾದ ಚೆಂಡಿನಿಂದಲೂ ಉತ್ತರಾರ್ಧವನ್ನು ಉರುಗ್ವೆಯ ಚೆಂಡಿನಿಂದಲೂ ಆಡಿಸಬೇಕಾಯಿತು. ವಿರಾಮದ ಹೊತ್ತಿಗೆ 2–1ರಿಂದ ಮುಂದಿದ್ದ ಅರ್ಜೆಂಟೀನಾ ಕೊನೆಗೆ 4–2ರಿಂದ ಸೋತಿತು. ಚೆಂಡೇ ಕಾರಣವೆಂದು ಹೇಳಲಾಗದು. ಕಾರಣವಲ್ಲವೆಂದು ಅರ್ಜೆಂಟೀನಾದವರನ್ನು ಒಪ್ಪಿಸುವುದೂ ಸುಲಭವಲ್ಲ.

ಕ್ರಿಕೆಟ್ಟಿನ ನಿಯಮಸಂಹಿತೆಯಲ್ಲಿ ಕಳೆದ ಚೆಂಡಿಗೆ ಬಹುಕಾಲ ಒಂದು ಪ್ರತ್ಯೇಕ ಅಧ್ಯಾಯವೇ ಇದ್ದಿತು. ಚೆಂಡು ಸಿಕ್ಕದಿದ್ದರೆ ಕ್ಷೇತ್ರರಕ್ಷಕರಲ್ಲಿ ಯಾವನಾದರೂ “ಲಾಸ್ಟ್ ಬಾಲ್” ಎಂದು ಕೂಗಬಹುದು. ಆಗ ದಾಂಡಿಗನಿಗೆ ಆರು ಓಟ, ಅದಕ್ಕಿಂತ ಹೆಚ್ಚು ಓಡಿದ್ದರೆ ಓಡಿದಷ್ಟು. 2017ರ ಸಂಹಿತೆ ಈ ಅಧ್ಯಾಯವನ್ನು ಕೈಬಿಟ್ಟಿತು. ಈಗ ಚೆಂಡು ಸಿಕ್ಕಲಾರದೆಂದು ಅಂಪೈರಿಗೆ ಮನವರಿಕೆಯಾದರೆ ಅದು ಡೆಡ್ ಬಾಲ್, ಅಷ್ಟೆ.

ಸಮಸ್ಥಿತಿಯ ಪಕ್ಷ

ಕಳೆದ ಚೆಂಡಿನ ಜಾಗಕ್ಕೆ ಅದರಷ್ಟೇ ಸವೆದ ಚೆಂಡೇ ಬರಬೇಕೆಂಬುದು ಮೊದಲನೆಯ ಪಕ್ಷ. ಕ್ರಿಕೆಟ್ಟಿನ ನಾಲ್ಕನೆಯ ನಿಯಮ ಇದನ್ನು ಸ್ಪಷ್ಟವಾಗಿ ವಿಧಿಸುತ್ತದೆ. ದೊಡ್ಡ ಪಂದ್ಯಗಳಲ್ಲಿ ನಾನಾ ಅವಸ್ಥೆಯ ಹಳೆಯ ಚೆಂಡುಗಳನ್ನು ತುಂಬಿದ ಪೆಟ್ಟಿಗೆಯೊಂದು ಸಿದ್ಧವಾಗಿರುತ್ತದೆ. ಅಂಪೈರುಗಳು ಒಂದೊಂದನ್ನೇ ಕೈಯಲ್ಲಿ ಹೊರಳಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ, ಆಕಾರ ಕೆಟ್ಟಿದೆಯೋ ಇಲ್ಲವೋ ಎಂದು ಲೋಹದ ಬಳೆಯೊಳಗೆ ತೂರಿಸಿ ಆರಿಸುತ್ತಾರೆ.

ಈ ಪಕ್ಷದ ಬಲವಿರುವುದು ಒಂದು ಆಳವಾದ ತತ್ತ್ವದಲ್ಲಿ: ಚೆಂಡಿನ ಸವೆತವೆಂಬುದು ನಷ್ಟವಲ್ಲ, ಆಟಗಾರರು ದುಡಿದು ಗಳಿಸಿದ ಸಂಪತ್ತು. ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎರಪಳ್ಳಿ ಪ್ರಸನ್ನ, ಭಾಗವತ್ ಚಂದ್ರಶೇಖರ್ ಇವರ ಕಾಲದಲ್ಲಿ ಭಾರತ ತಂಡದವರು ಹೊಸ ಚೆಂಡಿನ ಮಿರುಗನ್ನು ನೆಲಕ್ಕೆ ಉಜ್ಜಿ ತೆಗೆದು, ನಾಲ್ಕಾರು ಓವರುಗಳೊಳಗೆ ಅದನ್ನು ಸ್ಪಿನ್ನರುಗಳ ಕೈಗೆ ಹಸ್ತಾಂತರಿಸುತ್ತಿದ್ದರು. ಸುನಿಲ್ ಗಾವಸ್ಕರರಂಥ ಆರಂಭಿಕ ದಾಂಡಿಗರೇ ಬೌಲಿಂಗನ್ನೂ ಆರಂಭಿಸಿದ್ದುಂಟು. 1971ರಲ್ಲಿ ಓವಲ್ ಅಂಗಣದಲ್ಲಿ 38 ಓಟಗಳಿಗೆ 6 ಹುದ್ದರಿ ಕೆಡವಿದ ಚಂದ್ರಶೇಖರರಿಗೆ ಬೇಕಾಗಿದ್ದುದು ಮಿರುಗಿದ ಚೆಂಡಲ್ಲ. ಸವೆತವನ್ನು ಗಳಿಸುವ ವಿಧಾನಕ್ಕೂ ಒಂದು ಮೇರೆಯುಂಟು: 2004ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಜಿಂಬಾಬ್ವೆಯ ವಿರುದ್ಧ ಆಡುವಾಗ ಬಾಯೊಳಗಿನ ಕೆಮ್ಮಿನ ಗುಳಿಗೆಯ ಅಂಟು ಚೆಂಡಿಗೆ ಸೋಂಕಿತೆಂಬುದಕ್ಕಾಗಿ ರಾಹುಲ್ ದ್ರಾವಿಡರಂಥ ಶೀಲವಂತ ಆಟಗಾರರಿಗೂ ಪಂದ್ಯದ ಸಂಭಾವನೆಯ ಅರ್ಧದಷ್ಟು ದಂಡ ಬಿದ್ದಿತು. 2020ರಲ್ಲಿ ಮಹಾಮಾರಿಯ ಕಾರಣದಿಂದ ಚೆಂಡಿಗೆ ಎಂಜಲು ಹಚ್ಚುವುದನ್ನು ನಿಷೇಧಿಸಿದ ಅಂತಾರಾಷ್ಟ್ರೀಯ ಸಂಸ್ಥೆ 2022ರಲ್ಲಿ ಆ ನಿಷೇಧವನ್ನು ಶಾಶ್ವತಗೊಳಿಸಿತು.

ಆದರೆ ಸಮಸ್ಥಿತಿಯೆಂಬುದು ಕಣ್ಣಳತೆಯ ಮಾತು. ಇದೇ ಈ ಪಕ್ಷದ ದೌರ್ಬಲ್ಯ. 2024ರ ಮೇ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಅಂಗಣದಲ್ಲಿ ನಡೆದ ಐಪಿಎಲ್ ಪಂದ್ಯವನ್ನು ನೋಡಿದವರು ಅದರ ಕೊನೆಯ ಓವರನ್ನು ಮರೆತಿರಲಾರರು. ಪ್ಲೇ-ಆಫ್ ಸೇರಲು ಚೆನ್ನೈ ತಂಡಕ್ಕೆ ಆ ಓವರಿನಲ್ಲಿ 17 ಓಟ ಬೇಕಾಗಿದ್ದವು. ಯಶ್ ದಯಾಳರ ಮೊದಲನೆಯ ಎಸೆತವನ್ನು ಧೋನಿ 110 ಮೀಟರು ದೂರ ಬಾರಿಸಿದಾಗ ಚೆಂಡು ಛಾವಣಿಯನ್ನೂ ದಾಟಿ ಅಂಗಣದ ಹೊರಗೆ ಹೋಯಿತು. ಮಳೆಯಿಂದಲೂ ಇಬ್ಬನಿಯಿಂದಲೂ ತೊಯ್ದು ಜಾರುತ್ತಿದ್ದ ಆ ಚೆಂಡಿನ ಬದಲಿಗೆ ಬೌಲರನ ಕೈಗೆ ಒಣ ಚೆಂಡು ಬಂದಿತು. ಮರು ಎಸೆತದಲ್ಲಿಯೇ ಧೋನಿ ಔಟಾದರು. ಬೆಂಗಳೂರು 27 ಓಟಗಳಿಂದ ಗೆದ್ದು ಮುಂದಿನ ಹಂತ ಸೇರಿತು. ಆ ಸಿಕ್ಸರೇ ತಮಗೆ ಉಪಕಾರವಾಯಿತೆಂದು ದಿನೇಶ್ ಕಾರ್ತಿಕ್ ತಮ್ಮವರೆದುರು ಹೇಳಿದುದು ಪ್ರಸಿದ್ಧವಾಗಿದೆ. ಸವೆತವನ್ನು ಹೋಲಿಸಬಹುದು, ತೇವವನ್ನು ಹೋಲಿಸುವುದು ಹೇಗೆ? 2025ರ ಜುಲೈಯಲ್ಲಿ ಲಾರ್ಡ್ಸ್ ಟೆಸ್ಟಿನಲ್ಲಿ ಇದರ ವಿಲೋಮ ಸಂಭವಿಸಿತು: ಹತ್ತು ಓವರುಗಳಷ್ಟೇ ಆಡಿದ್ದ ಚೆಂಡು ಬಳೆಯೊಳಗೆ ಹೋಗದೆ ಬದಲಾದಾಗ, ಬಂದ ಚೆಂಡು ಅದಕ್ಕಿಂತ ಬಹಳ ಹಳೆಯದೆಂದು ನಾಯಕ ಶುಭಮನ್ ಗಿಲ್ ಅಂಪೈರರೊಡನೆ ವಾದಕ್ಕೆ ನಿಂತರು.

ನಿಯತಕಾಲದ ನವೀಕರಣ

ಎರಡನೆಯ ಪಕ್ಷದವರು ಅಂಪೈರರ ಕಣ್ಣನ್ನು ನೆಚ್ಚದೆ ಗಣಿತವನ್ನು ನೆಚ್ಚುತ್ತಾರೆ. ಟೆನ್ನಿಸಿನ ಮಹಾಪಂದ್ಯಗಳಲ್ಲಿ ಮೊದಲು ಏಳು ಗೇಮುಗಳ ಅನಂತರ, ಆಮೇಲೆ ಒಂಬತ್ತೊಂಬತ್ತಕ್ಕೊಮ್ಮೆ ಎಲ್ಲ ಚೆಂಡುಗಳೂ ಬದಲಾಗುತ್ತವೆ. ಪೂರ್ವಾಭ್ಯಾಸವನ್ನು ಎರಡು ಗೇಮಿಗೆ ಸಮವೆಂದು ಎಣಿಸಿದುದರಿಂದ ಮೊದಲನೆಯದು ಏಳು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ 200 ಓಟಗಳಾದ ಮೇಲೆ ಹೊಸ ಚೆಂಡು ದೊರೆಯುತ್ತಿತ್ತು; ಬ್ರಾಡ್ಮನ್ನರ ತಂಡ ಇಂಗ್ಲೆಂಡನ್ನು ಸುತ್ತಿದ 1948ರಲ್ಲಿ 55 ಓವರುಗಳಿಗೇ ದೊರೆಯಿತು, ಲಿಂಡ್ವಾಲ್, ಮಿಲ್ಲರರಂಥ ವೇಗಿಗಳಿದ್ದ ತಂಡಕ್ಕೆ ಇದೊಂದು ವರವಾಯಿತು; ಈಗ 80 ಓವರು. ಒಂದು ದಿನದ ಪಂದ್ಯಗಳಲ್ಲಿ 2011ರಿಂದ ಎರಡು ತುದಿಗಳಿಗೂ ಒಂದೊಂದು ಹೊಸ ಬಿಳಿ ಚೆಂಡು ಬಂದಿತು. ಪರಿಣಾಮವಾಗಿ ಯಾವ ಚೆಂಡೂ 25 ಓವರುಗಳಿಗಿಂತ ಹಳತಾಗದೆ, ರಿವರ್ಸ್ ಸ್ವಿಂಗ್ ಎಂಬ ವಿದ್ಯೆಯೇ ಆ ಪ್ರಕಾರದಿಂದ ಮರೆಯಾಗುತ್ತ ಬಂದಿತು. ಈ ಅಳಲನ್ನು ಮನ್ನಿಸಿ 2025ರಲ್ಲಿ 34 ಓವರುಗಳ ತರುವಾಯ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳತಕ್ಕದ್ದೆಂದು ನಿಯಮವನ್ನು ತಿದ್ದಿದರು.

ನವೀಕರಣಕ್ಕೆ ಪ್ರಾಣರಕ್ಷಣೆಯ ಕಾರಣವೂ ಇದೆ. ಅಮೆರಿಕದ ಬೇಸ್‌ಬಾಲಿನಲ್ಲಿ ಒಂದೇ ಚೆಂಡನ್ನು ಮಸಿಯಾಗುವವರೆಗೆ ಆಡಿಸುವ ಪದ್ಧತಿಯಿತ್ತು. 1920ರ ಆಗಸ್ಟಿನಲ್ಲಿ ರೇ ಚಾಪ್ಮನ್ ಎಂಬ ಆಟಗಾರ ತಲೆಗೆ ಚೆಂಡು ಬಡಿದು ಅಸುನೀಗಿದ ಮೇಲೆ, ಕಣ್ಣಿಗೆ ಕಾಣದಷ್ಟು ಮಲಿನವಾದ ಚೆಂಡನ್ನು ಕೂಡಲೆ ತೆಗೆದುಹಾಕುವ ಪದ್ಧತಿ ಬಿಗಿಯಾಯಿತು.

ಸಮೃದ್ಧಿಯ ಪಕ್ಷ

ಮೂರನೆಯ ಪಕ್ಷಕ್ಕೆ ಚೆಂಡು ಕಳೆಯುವುದೆಂಬುದೇ ಇಲ್ಲ. ಫುಟ್ಬಾಲ್ ಅಂಗಣದ ಸುತ್ತ ರೆಫರಿಯ ಅಧೀನದಲ್ಲಿ ಹಲವು ಚೆಂಡುಗಳು ಸಜ್ಜಾಗಿರುತ್ತವೆ; ಒಂದು ಹೊರಗೆ ಹೋದರೆ ಇನ್ನೊಂದು ಒಳಗೆ. ಅಂತಾರಾಷ್ಟ್ರೀಯ ವಾಲಿಬಾಲಿನಲ್ಲಿ ಮೊದಲು ಮೂರು, ಈಚೆಗೆ ಐದು ಚೆಂಡುಗಳು ಸರದಿಯಲ್ಲಿ ತಿರುಗುತ್ತವೆ. ಇಲ್ಲಿ ರಕ್ಷಿಸಬೇಕಾದುದು ಕಾಲ, ಚೆಂಡಲ್ಲ. ಈ ಸಮೃದ್ಧಿಯ ಹಿಂದೆ ಕೈಗಳಿವೆಯೆಂಬುದನ್ನು ಮಾತ್ರ ಮರೆಯಬಾರದು. 20 ಷಟ್ಕೋನ, 12 ಪಂಚಕೋನಗಳ ಫುಟ್ಬಾಲನ್ನು ಸಿಯಾಲಕೋಟೆಯಲ್ಲಿ, ಜಲಂಧರದಲ್ಲಿ, ಮೀರತ್ತಿನಲ್ಲಿ ಕೂಲಿಗೆ ಹೊಲಿದವರಲ್ಲಿ ಚೆಂಡಾಡಬೇಕಾದ ವಯಸ್ಸಿನ ಮಕ್ಕಳೂ ಇದ್ದರು. ಸಿಯಾಲಕೋಟೆಯ ಉದ್ಯಮದಿಂದ ಅವರನ್ನು ಬಿಡಿಸುವ ಒಪ್ಪಂದವಾದುದು 1997ರಲ್ಲಿ.

ಹೊಣೆಯ ಪಕ್ಷ

ನಾಲ್ಕನೆಯ ಪಕ್ಷ, ಕಳೆದವನೇ ತೆರಬೇಕೆಂಬುದು. ಗಾಲ್ಫಿನಲ್ಲಿ ಇದು ಶುದ್ಧರೂಪದಲ್ಲಿದೆ: ಹುಡುಕಲು ಮೊದಲು ಐದು ನಿಮಿಷ, 2019ರಿಂದ ಮೂರೇ ನಿಮಿಷ, ಸಿಕ್ಕದಿದ್ದರೆ ಒಂದು ಹೊಡೆತದ ದಂಡ ತೆತ್ತು ಹಿಂದಿನ ಸ್ಥಳಕ್ಕೇ ಮರಳಿ ಹೊಡೆಯಬೇಕು. ನಮ್ಮ ಓಣಿಗಳ ಕ್ರಿಕೆಟ್ಟು ಯಾವ ಗ್ರಂಥದ ನೆರವೂ ಇಲ್ಲದೆ ಇದೇ ತತ್ತ್ವಕ್ಕೆ ಬಂದು ಸೇರಿದೆ. ಮಾಳಿಗೆಯ ಮೇಲೆ ಬಿದ್ದರೆ ಔಟು, ಸಿಡುಕಿನವರ ಅಂಗಳಕ್ಕೆ ಬಿದ್ದರೆ ಔಟು ಮತ್ತು ಹೊಡೆದವನೇ ಹೋಗಿ ಕೇಳಿ ತರಬೇಕು. ಸಿಕ್ಕದಿದ್ದರೆ ಅವನೇ ಹೊಸದನ್ನು ಕೊಡಿಸಬೇಕು.

ಈ ಕಠೋರ ನಿಯಮ ಅಲ್ಲಿ ಏಕೆ ಹುಟ್ಟಿತೆಂಬುದನ್ನು ಆ ನೆಲವನ್ನು ನೋಡದೆ ತಿಳಿಯಲಾಗದು. ಬೇಸಿಗೆಯಲ್ಲಿ ಎರೆಮಣ್ಣು ಬಾಯ್ದೆರೆದು ಬಿರಿಯುತ್ತದೆ. ಸಣ್ಣ ರಬ್ಬರ್ ಚೆಂಡು ಒಂದು ಅಗಲ ಬಿರುಕಿಗೆ ಉರುಳಿದರೆ ಕೈ ಹಾಕಲು ಹುಡುಗರು ಅಂಜುತ್ತಾರೆ, ಏಕೆಂದರೆ ಅಲ್ಲಿ ಚೇಳೂ ಇರುತ್ತದೆ. ಇಂಡಿಯ ಕಡೆ ಲಿಂಬೆಯ ತೋಟಗಳು. ಲಿಂಬೆಯ ಮುಳ್ಳು, ಬೇಲಿಗೆ ಒಟ್ಟಿದ ಜಾಲಿಯ ಮುಳ್ಳು, ಎರಡೂ ಟೆನ್ನಿಸ್ ಚೆಂಡಿನ ಗಾಳಿಯನ್ನು ಕ್ಷಣಾರ್ಧದಲ್ಲಿ ತೆಗೆಯಬಲ್ಲವು. ನಾರಾಯಣಪುರ ಎಡದಂಡೆಯ ನೀರನ್ನು ಸಿಂದಗಿ, ಇಂಡಿಗಳ ಕಡೆ ಒಯ್ಯುವ ಶಾಖಾ ಕಾಲುವೆಗೆ ಬಿದ್ದ ಚೆಂಡು ತೇಲುತ್ತ ಮುಂದಿನ ಊರಿನ ಹುಡುಗರ ಪಾಲಾಗುತ್ತದೆ. ಹಿಂಗಾರಿನಲ್ಲಿ ಆಳೆತ್ತರ ನಿಂತ ಜೋಳಕ್ಕೆ ಚೆಂಡು ಹೋದರೆ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ: ಹತ್ತು ಜನ ನುಗ್ಗಿ ಹುಡುಕಿದರೆ ದಂಟು ಮುರಿದು ರೈತನಿಗೆ ನಷ್ಟ, ಆದುದರಿಂದ ಒಬ್ಬನೇ, ಸಾಲು ಹಿಡಿದು, ತೆನೆಗೆ ಭುಜ ತಾಗದಂತೆ ಒಳಹೊಕ್ಕು ಹುಡುಕಿ ಬರತಕ್ಕದ್ದು. ಆಗ ಸಿಕ್ಕದ ಚೆಂಡು ಸುಗ್ಗಿಯಲ್ಲಿ ಜೋಳ ಕಿತ್ತುವ ಹೆಣ್ಣುಮಕ್ಕಳ ಕೈಗೆ ಸಿಕ್ಕುವುದುಂಟು, ಮೇಲಿನ ಜೂಲೆಲ್ಲ ಉದುರಿ, ಬಿಸಿಲಿಗೆ ಬಣ್ಣಗೆಟ್ಟು, ಒತ್ತಿದರೆ ತಗ್ಗು ಬೀಳುವ ಸ್ಥಿತಿಯಲ್ಲಿ.

ಹೊಣೆಯ ನಿಯಮ ಇಂಥ ನೆಲದಲ್ಲಿ ಚೆಂಡನ್ನು ಉಳಿಸುತ್ತದೆಯೆಂಬುದು ನಿಜ. ಆದರೆ ಅದು ಆಟವನ್ನು ಕುಂದಿಸುತ್ತದೆಯೆಂದು ನಾನು ದೃಢವಾಗಿ ನಂಬಿದ್ದೇನೆ. ಹೊಸ ಚೆಂಡು ಕೊಡಿಸಲಾರದ ಮನೆಯ ಹುಡುಗ, ಎಷ್ಟೇ ಕಸುವಿದ್ದರೂ, ನೆಲಕ್ಕೆ ಅಂಟಿಸಿಯೇ ಹೊಡೆಯುತ್ತಾನೆ; ಎತ್ತಿ ಹೊಡೆಯುವ ಅಧಿಕಾರ ಚೆಂಡಿನ ಒಡೆಯನಿಗೆ ಮಾತ್ರ ಉಳಿಯುತ್ತದೆ. ಆ ಒಡೆಯ ಔಟಾಗಿ ಮುನಿದರೆ ಚೆಂಡನ್ನು ಬಗಲಲ್ಲಿಟ್ಟುಕೊಂಡು ಮನೆಗೆ ನಡೆಯುತ್ತಾನೆ, ಆಟ ಅಲ್ಲಿಗೆ ಮುಗಿಯಿತು. ಇದರ ಪರಿಹಾರವೇ ಪಟ್ಟಿ. ಎಲ್ಲರೂ ಕೈಲಾದಷ್ಟು ಹಾಕಿ ಕೊಂಡ ಚೆಂಡಿಗೆ ಒಬ್ಬ ಒಡೆಯನಿಲ್ಲ. ಕಳೆದರೆ ಎಲ್ಲರದೂ ಕಳೆಯಿತು. ಎರಡು ಊರಿನ ತಂಡಗಳು ತಲಾ ಒಂದು ಚೆಂಡನ್ನು ಪಣವಾಗಿಟ್ಟು ಆಡಿ, ಗೆದ್ದವರು ಎರಡನ್ನೂ ಒಯ್ಯುವ ಪದ್ಧತಿಯೂ ಪಟ್ಟಿಯ ಚೆಂಡಿನಿಂದಲೇ ಸಾಧ್ಯವಾದುದು. ನಾಲ್ಕು ಪಕ್ಷಗಳಿಗೂ ಪಕ್ಕದಲ್ಲಿ ನಿಲ್ಲಬಲ್ಲ ಈ ಐದನೆಯದನ್ನು ಯಾವ ನಿಯಮಗ್ರಂಥವೂ ದಾಖಲಿಸಿಲ್ಲ.

ದುರಸ್ತಿ ಮತ್ತು ಕಪಾಟು

ಕಳೆದ ಚೆಂಡಿನಷ್ಟೇ ಕೆಟ್ಟ ಚೆಂಡಿನ ಸಮಸ್ಯೆಯೂ ದೊಡ್ಡದು, ಅದಕ್ಕೆ ಈ ಸೀಮೆಯ ಉತ್ತರ ಸೈಕಲ್ ಪಂಕ್ಚರಿನ ಅಂಗಡಿ. ಹಳೆಯ ಬಗೆಯ ವಾಲಿಬಾಲಿನ ಹೊಲಿಗೆ ಬಿಚ್ಚಿ, ಒಳಗಿನ ಬ್ಲಾಡರನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ಬುಟ್ಟಿಯಲ್ಲಿ ಮುಳುಗಿಸಿ ತಿರುವುತ್ತಾರೆ. ಗುಳ್ಳೆಯೆದ್ದಲ್ಲಿ ಬೆರಳಿಟ್ಟು, ಒರೆಸಿ, ಉಸುಕಿನ ಕಾಗದದಿಂದ ಉಜ್ಜಿ, ಸೊಲ್ಯೂಷನ್ ಸವರಿ, ಅದು ಅರೆ ಒಣಗುವವರೆಗೆ ಕಾದು, ಹಳೆಯ ಟ್ಯೂಬಿನಿಂದ ದುಂಡಗೆ ಕತ್ತರಿಸಿದ ತುಣುಕನ್ನು ಒತ್ತುತ್ತಾರೆ. ತೇಪೆಯ ಕಡೆಗೆ ಚೆಂಡು ತುಸು ಭಾರವಾಗಿ, ಹಾರುವಾಗ ಒಂದು ಮಗ್ಗುಲಿಗೆ ವಾಲುತ್ತದೆ. ಅದರ ವಾಲನ್ನು ಅರಿತು ಸರ್ವೀಸು ಮಾಡುವ ಚತುರರೂ ಇದ್ದಾರೆ. ಟ್ಯೂಬಿನ ಉಳಿದ ಭಾಗ ಬಳೆಬಳೆಯಾಗಿ ಕತ್ತರಿಸಲ್ಪಟ್ಟು, ಚಿಂದಿಯ ಉಂಡೆಯ ಮೇಲೆ ಸುತ್ತಿಕೊಂಡು, ಲಗೋರಿಯ ಚೆಂಡಾಗುತ್ತದೆ.

ಶಾಲೆಗಳಲ್ಲಿ ಮಾತ್ರ ಬೇರೊಂದು ರೀತಿ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕ್ರೀಡಾಸಾಮಗ್ರಿಗಾಗಿ ವರ್ಷಕ್ಕೆ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿಯವರೆಗೆ ಅನುದಾನಕ್ಕೆ ಅವಕಾಶವಿದೆ. ಕೊಂಡ ಚೆಂಡು ದಾಸ್ತಾನಿನ ಪುಸ್ತಕಕ್ಕೆ ಏರುತ್ತದೆ; ಏರಿದ ಮೇಲೆ ಅದು ಕಳೆದರೆ ಲೆಕ್ಕ ಒಪ್ಪಿಸಬೇಕಾದವರು ಶಿಕ್ಷಕರು. ಈ ಭಯದಿಂದ ಹೊಸ ಚೆಂಡು ಕಪಾಟಿನಲ್ಲಿಯೇ ಉಳಿದು, ಮಕ್ಕಳು ಚಿಂದಿಯ ಚೆಂಡಿನಿಂದ ಆಡುವ ದೃಶ್ಯವನ್ನು ನಮ್ಮಲ್ಲಿ ಕಾಣದವರು ವಿರಳ. ಓಣಿಯಲ್ಲಿ ಆಡುವ ಸ್ವಾತಂತ್ರ್ಯವಿಲ್ಲದ ಹೆಣ್ಣುಮಕ್ಕಳಿಗಂತೂ ಶಾಲೆಯ ಚೆಂಡೇ ಏಕೈಕ ಚೆಂಡು. ಕಪಾಟು ಮುಚ್ಚಿದರೆ ಅವರ ಆಟವೇ ಮುಚ್ಚಿತು. ನಷ್ಟವನ್ನು ತಪ್ಪು ಹೆಗಲ ಮೇಲೆ ಹೊರಿಸಿದುದರ ಅತ್ಯಂತ ದುಃಖಕರವಾದ ಫಲ ಇದು.

ಇತ್ಯರ್ಥವಾಗದೆ ಉಳಿದವು

ಸವೆತದ ಸಮಾನತೆಯನ್ನು ಅಳೆಯುವ ಸರ್ವಸಮ್ಮತವಾದ ಸಾಧನ ಇನ್ನೂ ದೊರೆತಿಲ್ಲ. ಲೋಹದ ಬಳೆ ಆಕಾರವನ್ನು ಅಳೆಯಬಲ್ಲುದೇ ಹೊರತು ಮೃದುತ್ವವನ್ನಾಗಲಿ ತೇವವನ್ನಾಗಲಿ ಅಳೆಯಲಾರದು. ಚೆಂಡನ್ನು ಹೊರಗಟ್ಟಿದ ತಂಡವೇ ಬದಲಿ ಚೆಂಡಿನಿಂದ ಬಾಧೆಗೊಳಗಾದರೆ ಅದು ನ್ಯಾಯವೋ ಆಕಸ್ಮಿಕವೋ ಎಂಬುದರಲ್ಲಿ ಚಿನ್ನಸ್ವಾಮಿಯ ಪಂದ್ಯದ ಬಳಿಕವೂ ಏಕಾಭಿಪ್ರಾಯವಿಲ್ಲ. ಪ್ರೇಕ್ಷಕರ ನಡುವೆ ಬಿದ್ದ ಚೆಂಡು ಯಾರದು? 1921ರಲ್ಲಿ ನ್ಯೂಯಾರ್ಕಿನ ಬೇಸ್‌ಬಾಲ್ ಪಂದ್ಯವೊಂದರಲ್ಲಿ ಚೆಂಡನ್ನು ಮರಳಿ ಕೊಡದೆ ಹೊರದಬ್ಬಿಸಿಕೊಂಡ ರೂಬೆನ್ ಬರ್ಮನ್ ಎಂಬಾತ ನ್ಯಾಯಾಲಯದಲ್ಲಿ ನೂರು ಡಾಲರು ಗೆದ್ದನು, ಅಲ್ಲಿ ಚೆಂಡು ಹಿಡಿದವನದೇ ಆಯಿತು. ಕ್ರಿಕೆಟ್ಟಿನಲ್ಲಿ ಇಂದಿಗೂ ಅದು ಮರಳಿ ಬರಬೇಕು, ಏಕೆಂದರೆ ಅಲ್ಲಿ ಹಳತನಕ್ಕೆ ಬೆಲೆಯುಂಟು. ಹೊಲದಲ್ಲಿ ಹೂತುಹೋಗುವ ರಬ್ಬರ್ ಮಣ್ಣಾಗದೆ ಉಳಿಯುವುದರ ಬಗೆಗೆ ಯಾವ ಪಕ್ಷವೂ ಇನ್ನೂ ಯೋಚಿಸಿದಂತಿಲ್ಲ.

ನಮ್ಮ ನಾಲ್ಕು ತಾಲೂಕುಗಳ ಮಟ್ಟಿಗೆ ಇವೆಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕಾದುದು ದಾಸ್ತಾನಿನ ಪುಸ್ತಕದ ಪ್ರಶ್ನೆ: ಶಾಲೆಯ ಚೆಂಡು ಸೀಮೆಸುಣ್ಣದಂತೆ ತೀರಿಹೋಗಲೆಂದೇ ಬಂದ ಪದಾರ್ಥವೋ, ಬೆಂಚಿನಂತೆ ವರ್ಷಾಂತ್ಯದಲ್ಲಿ ಎಣಿಸಿ ಒಪ್ಪಿಸಬೇಕಾದ ಆಸ್ತಿಯೋ, ತೀರಿಹೋಗುವ ಪದಾರ್ಥವೆಂದಾದರೆ, ವರ್ಷಕ್ಕೆ ಎಷ್ಟು ಚೆಂಡು ಕಳೆದರೆ ಅದು ಅಜಾಗರೂಕತೆ, ಎಷ್ಟು ಕಳೆದರೆ ಅದು ಮಕ್ಕಳು ಚೆನ್ನಾಗಿ ಆಡಿದುದರ ಲಕ್ಷಣ?